ಕಂಬಕ್ಕೆ ಹೇಳಿದ ಮಾತು

ಸಾಲಿಗ್ರಾಮ
೬ ನವೆಂಬರ್ ೨೦೨೪

ಪ್ರೀತಿಯ ದೀಕ್ಷಿತಾಳಿಗೆ,

ಅಮ್ಮನಿಗೆ ಈ ಕಾಲದಲ್ಲಿ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಅಪ್ಪಯ್ಯ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಸ್ಪೀಕರ್ ಹಾಕದಿದ್ದರೆ ಕೆಮ್ಮುತ್ತಾರೆ. ಮೆಸೇಜ್ ಮಾಡೋಣವೆಂದರೆ ಈ ಮನೆಯಲ್ಲಿರುವುದು ಒಂದೇ ದೊಡ್ಡ ಫೋನು, ಅದು ಅವರ ಕಿಸೆಯಲ್ಲಿ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಮಾತ್ರ ಅವರು ಯಾವುದಾದರೂ ಸ್ಟೇಜಿನ ಮೇಲೆ ಇರುತ್ತಾರೆ. ನೀನೂ ಕಾಗದದಲ್ಲೇ ಉತ್ತರ ಬರೆ.

ಜನವರಿಯಲ್ಲಿ ಅವರಿಗೆ ಅರವತ್ತು ತುಂಬುತ್ತದೆ. ಷಷ್ಟ್ಯಬ್ದಿ ಮಾಡಬೇಕೆಂದು ನಿನ್ನ ಅಣ್ಣ ಹೊರಟಿದ್ದಾನೆ. ನನ್ನ ತವರಿನಲ್ಲಿ ಅಪ್ಪನಿಗೆ ಅರವತ್ತಾದಾಗ ಮನೆಯಲ್ಲೇ ಒಂದು ಶಾಂತಿ ಹೋಮ, ಹತ್ತಿರದವರಿಗೆ ಊಟ, ಅಷ್ಟಕ್ಕೆ ಮುಗಿದಿತ್ತು. ಈಗ ಹಾಗಲ್ಲವಂತೆ. ಹಾಲ್ ಬುಕ್ ಆಗಿದೆ. ಹಸೆಮಣೆ, ಬಾಸಿಂಗ, ಹಾರ ಬದಲಿಸುವುದು, ಊರವರೆಲ್ಲರ ಎದುರು ನನಗೆ ಮತ್ತೊಮ್ಮೆ ತಾಳಿ ಕಟ್ಟುವುದು. ಅದೇ ವೇದಿಕೆಯಲ್ಲಿ ನಮ್ಮಿಬ್ಬರಿಗೆ ‘ಆದರ್ಶ ದಂಪತಿ’ ಎಂಬ ಬಿರುದು. ಕೊಡುವುದು ನಿನ್ನ ಅಪ್ಪಯ್ಯನೇ ಉಪಾಧ್ಯಕ್ಷರಾಗಿರುವ ಸಂಘ. ಸುಜಯ ಕುಂದಾಪುರದಲ್ಲಿ ಇವೆಂಟ್ ಬಿಸ್ನೆಸ್ ಶುರು ಮಾಡಿದ್ದಾನಲ್ಲ, ಅವನಿಗೆ ಇದು ಸ್ಯಾಂಪಲ್. ಬೇರೆ ಗಿರಾಕಿಗಳಿಗೆ ತೋರಿಸಲು ಅಪ್ಪ ಅಮ್ಮನ ವಿಡಿಯೊ ಬೇಕು.

ಆದರ್ಶ ದಂಪತಿ. ಕಾರ್ಡಿನ ಪ್ರೂಫಿನಲ್ಲಿ ಓದಿ ಅದನ್ನು ಮಗುಚಿ ಇಟ್ಟೆ.

ಹನ್ನೊಂದು ವರ್ಷದಿಂದ ಈ ಮನುಷ್ಯ ನನ್ನ ಮುಖ ನೋಡಿ ಒಂದು ಮಾತು ಆಡಿಲ್ಲ ಎಂದು ನಿನಗೂ ಗೊತ್ತು, ನಿನ್ನ ಅಣ್ಣನಿಗೂ ಗೊತ್ತು. ಸಹಕಾರಿ ಸೊಸೈಟಿಯವರು ಅವರಿಗೆ ಸನ್ಮಾನ ಮಾಡಿದ ದಿನ ಮನೆಗೆ ಬಂದ ನೆಂಟರು ಅಭಿನಂದನಾ ಪತ್ರ ಓದಿ, ಎಷ್ಟು ಚಂದ ಬರೆದಿದ್ದಾರೆ ಎಂದರು. ‘ಅವ್ರೇ ಬರ್ಕಂಡದ್ದ್’ ಎಂದೆ. ಇದ್ದದ್ದನ್ನು ಹೇಳಿದೆ, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ನೆಂಟರು ನಕ್ಕರು. ಆ ದಿನದಿಂದ ಅವರ ಮಾತೆಲ್ಲ ಮನೆಯ ಹಾಲಿನ ನಡುವಿನ ಸಿಮೆಂಟಿನ ಕಂಬಕ್ಕೆ. ‘ಕಾಫಿ ಆಯ್ತೋ ಇಲ್ಯೋ ಗೊತ್ತಿಲ್ಲೆ’ ಎಂದು ಕಂಬಕ್ಕೆ ಹೇಳುತ್ತಾರೆ, ನಾನು ಕಾಫಿ ತಂದಿಡುತ್ತೇನೆ. ಹೊರಗೆ ಮಾತ್ರ ಮೈಕ್ ಸಿಕ್ಕಿದರೆ ಬಿಡದ ಮನುಷ್ಯ. ಮೊನ್ನೆ ಬ್ರಹ್ಮಾವರದಲ್ಲಿ ಯಾರದೋ ಮದುವೆಯಲ್ಲಿ ದಾಂಪತ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಬಂದರು.

ಆ ಮಣೆಯ ಮೇಲೆ ಕೂತು ಕುತ್ತಿಗೆ ಬಗ್ಗಿಸಲು ನನಗೆ ಮನಸ್ಸಿಲ್ಲ. ಬೇಡ ಎನ್ನುವ ಧೈರ್ಯವೂ ಬಂದಿಲ್ಲ. ನೀನು ಒಂದು ಮಾತು ಹೇಳಿದರೆ ಸುಜಯ ಕೇಳಿಯಾನು. ಹೋಮ ಬೇಕಾದರೆ ಮಾಡಿಕೊಳ್ಳಲಿ, ತಾಳಿಯ ಭಾಗ ಬಿಡಿಸು.

ವಿಶಾಲ್ ಹೇಗಿದ್ದಾರೆ? ಸುಜಯ ನಿಮ್ಮ ಮದುವೆಯ ವಾರ್ಷಿಕೋತ್ಸವದ ಫೋಟೋ ತೋರಿಸಿದ. ನೀನು ಸ್ವಲ್ಪ ಬಾಡಿದ ಹಾಗೆ ಕಂಡಿತು.

ಇತಿ ನಿನ್ನ
ಅಮ್ಮ


ನಾಶಿಕ್
೧೫ ನವೆಂಬರ್ ೨೦೨೪

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಿನ್ನ ಅಕ್ಷರ ಕಂಡು ಖುಷಿಯಾಯಿತು. ನಮ್ಮ ಹೋಟೆಲಿನ ಕೌಂಟರಿನಲ್ಲಿ ಎಲ್ಲರಿಗೂ ತೋರಿಸಿದೆ. ಲಕೋಟೆಯನ್ನು ಮಾತ್ರ, ಒಳಗಿನದ್ದಲ್ಲ.

ಅಮ್ಮ, ನೀನು ಸಣ್ಣದನ್ನು ದೊಡ್ಡದು ಮಾಡುತ್ತೀ. ಯಾವ ಮನೆಯಲ್ಲಿ ಅರವತ್ತರ ಗಂಡಸರು ಹೆಂಡತಿಯ ಹತ್ತಿರ ಕೂತು ಹರಟೆ ಹೊಡೆಯುತ್ತಾರೆ? ಅಪ್ಪಯ್ಯನ ಸ್ವಭಾವವೇ ಹಾಗೆ. ಕಂಬಕ್ಕೆ ಹೇಳಿದರೂ ಕೇಳಿಸುವುದು ನಿನಗೇ ತಾನೆ? ಹೊಡೆಯಲಿಲ್ಲ, ಬಡಿಯಲಿಲ್ಲ, ಕುಡಿಯಲಿಲ್ಲ. ಜನ ಎಂತೆಂಥ ಗಂಡಂದಿರ ಜೊತೆ ಬಾಳುತ್ತಾರೆ.

ನಾನು ಅಣ್ಣನ ಹತ್ತಿರ ಮಾತಾಡಿದೆ, ಆದರೆ ತಾಳಿ ಬಿಡಿಸಲು ಅಲ್ಲ, ಸೀರೆಯ ಬಣ್ಣಕ್ಕೆ. ನಿನಗೆ ನವಿಲು ಬಣ್ಣ, ಅಪ್ಪಯ್ಯನ ಪಂಚೆಗೆ ಅದೇ ಬಣ್ಣದ ಅಂಚು. ಫೋಟೋದಲ್ಲಿ ಚಂದ ಬರುತ್ತದೆ. ವಿಶಾಲ್ ಮನೆಯ ಕಡೆಯಿಂದ ಹನ್ನೆರಡು ಜನ ಟಿಕೆಟ್ ಮಾಡಿಸಿ ಆಯಿತು. ಅತ್ತೆ ಇಲ್ಲಿ ಬಂದವರಿಗೆಲ್ಲ ಹೇಳುತ್ತಿರುತ್ತಾರೆ, ನಮ್ಮ ಸೊಸೆಯ ಅಪ್ಪ ಅಮ್ಮನನ್ನು ಒಮ್ಮೆ ನೋಡಬೇಕು, ಜೋಡಿ ಎಂದರೆ ಅದು ಎಂದು. ಅದನ್ನು ಕೇಳುವಾಗ ನನಗೆ ಎಷ್ಟು ಬಲ ಬರುತ್ತದೆ ಎಂದು ನಿನಗೆ ಗೊತ್ತಿಲ್ಲ.

ವಿಶಾಲ್ ತುಂಬ ಚೆನ್ನಾಗಿದ್ದಾರೆ. ಹೋಟೆಲಿನಲ್ಲಿ ಕೆಲಸ ಜಾಸ್ತಿ, ಅಷ್ಟೆ. ಆ ಫೋಟೋದ ಕೆಳಗೆ ಅವರು ನನ್ನ ಬಗ್ಗೆ ಬರೆದದ್ದನ್ನು ಅಣ್ಣ ಓದಿ ಹೇಳಲಿಲ್ಲವಾ? ಓದಿಸಿಕೋ. ಇಲ್ಲಿ ಎಲ್ಲರೂ ಅದನ್ನೇ ಮಾತಾಡಿದರು. ನಾನು ಬಾಡಿಲ್ಲ, ಅದು ಲೈಟಿಂಗ್.

ನಿನ್ನ
ದೀಕ್ಷಿತಾ


ಸಾಲಿಗ್ರಾಮ
೨೮ ನವೆಂಬರ್ ೨೦೨೪

ದೀಕ್ಷಿತಾ,

ನವಿಲು ಬಣ್ಣದ ಸೀರೆ ಬಂತು. ಉಟ್ಟೂ ಆಯಿತು. ಒದ್ದೆಯೂ ಆಯಿತು. ಎಲ್ಲ ಹೇಳುತ್ತೇನೆ ಕೇಳು.

ನಿನ್ನೆ ಹಂಗಾರಕಟ್ಟೆಗೆ ಹೋಗಿದ್ದೆವು. ಷಷ್ಟ್ಯಬ್ದಿಗೆ ಮೊದಲು ಒಂದು ವಿಡಿಯೊ ಬೇಕಂತೆ, ಮದುವೆಗೆ ಮುಂಚೆ ಹುಡುಗ ಹುಡುಗಿಯರು ಮಾಡಿಸಿಕೊಳ್ಳುತ್ತಾರಲ್ಲ, ಹಾಗೆ. ತಲ್ಲೂರಿನ ರೂಪೇಶ್ ಎಂಬ ಹುಡುಗ ಕ್ಯಾಮೆರಾದವನು. ಒಳ್ಳೆಯ ಹುಡುಗ, ನಿಂತಲ್ಲಿ ನಿಲ್ಲುವುದಿಲ್ಲ. ತಲೆಯ ಮೇಲೆ ಒಂದು ಡ್ರೋನ್ ಗುಯ್ಯೆನ್ನುತ್ತಿತ್ತು. ನಮ್ಮಿಬ್ಬರನ್ನು ಒಂದು ದೋಣಿಯಲ್ಲಿ ಕೂರಿಸಿ ಹೊಳೆಯ ಬಾಯಿಯ ತನಕ ಕರೆದುಕೊಂಡು ಹೋಗಿ ತಂದರು. ದಡದಲ್ಲಿ ಮೀನು ಆರಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡಿದರು. ಅವರಲ್ಲಿ ಗುಲಾಬಿ ಎಂಬವಳು ನಮ್ಮ ಮನೆಯ ಕಡೆಗೆ ಬಂದು ಹೋಗಿ ಗುರುತಿರುವವಳು. ‘ಹ್ವಾಯ್ ಅಮ್ಮ, ಇದೆಂತ, ಮತ್ತೊಂದ್ ಮದಿಯಾ?’ ಎಂದು ಕೇಳಿದಳು. ಅವಳ ಜೊತೆ ನಾನೂ ನಗಬೇಕಿತ್ತು, ಬಾಯಿ ಬರಲಿಲ್ಲ.

ಅಷ್ಟೂ ಹೊತ್ತು ನಿನ್ನ ಅಪ್ಪಯ್ಯ ನನ್ನ ಕಡೆ ನೋಡಿರಲಿಲ್ಲ. ದೋಣಿಯಿಂದ ಇಳಿದ ಮೇಲೆ ರೂಪೇಶ್, ಅಂಕಲ್, ಆಂಟಿಯ ಮುಖ ನೋಡಿಕೊಂಡು ಅವರ ಬಗ್ಗೆ ಎರಡು ಮಾತು ಹೇಳಿ ಎಂದ. ಇವರು ತಿರುಗಿದರು. ಮುಖ ನೋಡಿದರು. ‘ಮನೋರಮಾ, ನೀನಿಲ್ಲದಿದ್ದರೆ ನಾನು ಏನೂ ಅಲ್ಲ’ ಎಂದರು.

ಮಗಾ, ಆ ಸ್ವರದಲ್ಲಿ ನನ್ನ ಹೆಸರು ಕೇಳಿ ಎಷ್ಟು ವರ್ಷವಾಗಿತ್ತು. ಏನು ಹೇಳುತ್ತಿದ್ದೇನೆ ಎಂದು ತಿಳಿಯುವ ಮೊದಲೇ ‘ನಂಗೂ ಹಾಂಗೇ’ ಎಂದುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಗುಲಾಬಿ ನೋಡುತ್ತಿದ್ದಾಳೆ ಎಂದು ಕೂಡ ಅನಿಸಲಿಲ್ಲ.

ಗಾಳಿಯ ಸದ್ದು ಬಂತು, ಇನ್ನೊಂದು ಸಲ ಹೇಳಿ ಎಂದ ರೂಪೇಶ್.

ಇವರು ಇನ್ನೊಂದು ಸಲ ಹೇಳಿದರು. ಅದೇ ಸ್ವರ, ‘ಮನೋರಮಾ’ ಎಂದ ಮೇಲೆ ಅಷ್ಟೇ ಹೊತ್ತು ನಿಲ್ಲಿಸುವುದು, ತುಟಿ ಅಷ್ಟೇ ಅದುರುವುದು. ಆ ಸಲ ನನ್ನ ತಲೆಯ ಮೇಲೆ ಡ್ರೋನಿನ ನೆರಳು ಬಿದ್ದಿತಂತೆ. ಮೂರನೆಯ ಸಲಕ್ಕೆ ಅವರ ಕಣ್ಣಿನಲ್ಲೂ ನೀರು ನಿಂತಿತು, ಬೇಕಾದಷ್ಟೇ. ರೂಪೇಶ್ ಸೂಪರ್ ಎಂದ. ಕ್ಯಾಮೆರಾ ಕೆಳಗಿಳಿಸಿದ ಕೂಡಲೇ ಇವರ ಮುಖ ಮನೆಯ ಮುಖವಾಯಿತು. ಕಾರು ಹತ್ತುವಾಗ ಸುಜಯನಿಗೆ ಹೇಳಿದರು, ‘ಅವ್ಳಿಗ್ ಹೇಳ್, ಸೀರಿ ಒದ್ದಿ ಆಯ್ತ್, ಸೀಟಿಗೆ ತಾಗ್ಸೂದ್ ಬ್ಯಾಡ.’ ನಾನು ಅಲ್ಲೇ, ಅವರ ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದೆ.

ಮನೆಗೆ ಬಂದು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಅವರ ಮೇಲಿನ ಹೇಸಿಗೆ ಹಳತು, ಅದು ನನಗೆ ಅಭ್ಯಾಸ. ಇದು ನನ್ನ ಮೇಲಿನದ್ದು. ಮೊದಲನೆಯ ಸಲ ಉತ್ತರ ಕೊಟ್ಟೆನಲ್ಲ, ಅದು ಇನ್ನೂ ಬಾಯಿಯಲ್ಲಿ ಕಹಿಯಾಗಿ ನಿಂತಿದೆ.

ಅಮ್ಮ


ನಾಶಿಕ್
೨೯ ನವೆಂಬರ್ ೨೦೨೪

ನನ್ನ ಮುದ್ದು ಅಮ್ಮ,

ಅಣ್ಣ ವಿಡಿಯೊ ಕಳಿಸಿದ. ನಾನು ಹೋಟೆಲಿನ ಕೌಂಟರಿನಲ್ಲೇ ಅತ್ತುಬಿಟ್ಟೆ. ಗಿರಾಕಿ ಒಬ್ಬರು ನೀರು ತಂದುಕೊಟ್ಟರು.

ಕೊನೆಗೂ ಅಪ್ಪಯ್ಯ ಮಾತಾಡಿದರು ನೋಡು. ಹೆಸರು ಹಿಡಿದು ಕರೆದರು. ನೀನು ‘ನಂಗೂ ಹಾಂಗೇ’ ಎಂದದ್ದನ್ನು ಅಣ್ಣ ಮೊದಲನೆಯ ಟೇಕಿನಿಂದ ತೆಗೆದು ಸೇರಿಸಿದ್ದಾನಂತೆ. ಎಷ್ಟು ಚಂದ ಹೇಳಿದ್ದೀ ಅಮ್ಮ. ಇಷ್ಟು ವರ್ಷ ನೀನು ಕಾದದ್ದು ಸಾರ್ಥಕವಾಯಿತು. ಅಪ್ಪಯ್ಯನಿಗೆ ಹೇಳಲು ಒಂದು ನೆಪ ಬೇಕಿತ್ತು, ಗಂಡಸರಿಗೆ ನೆಪ ಬೇಕಾಗುತ್ತದೆ. ಷಷ್ಟ್ಯಬ್ದಿ ಆ ನೆಪ ಒದಗಿಸಿತು. ಇನ್ನು ಆ ಕಂಬಕ್ಕೆ ಏನು ಕೆಲಸ?

ನಾನು ಸ್ಟೇಟಸ್ ಹಾಕಿದೆ. ಅತ್ತೆ ನೋಡಿ ವಿಶಾಲ್ ಹತ್ತಿರ, ನೋಡಿ ಕಲಿತುಕೋ ಎಂದರು. ವಿಶಾಲ್ ನಕ್ಕರು.

ನಿನ್ನ
ದೀಕ್ಷಿತಾ


ಸಾಲಿಗ್ರಾಮ
೫ ಡಿಸೆಂಬರ್ ೨೦೨೪

ದೀಕ್ಷಿತಾ,

ನಿನ್ನ ಕಾಗದವೂ ನನ್ನದೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ನನ್ನದು ಓದಿದ ಮೇಲಾದರೂ ಆ ಸ್ಟೇಟಸ್ ತೆಗೆಯುತ್ತೀ ಎಂದುಕೊಂಡಿದ್ದೆ. ತೆಗೆದಿಲ್ಲವಂತೆ, ಅದೇ ವಿಡಿಯೊಗೆ ಹಾಡು ಸೇರಿಸಿ ಮತ್ತೆ ಹಾಕಿದ್ದೀಯಂತೆ. ಸುಜಯ ಹೆಮ್ಮೆಯಿಂದ ಹೇಳಿದ.

ನಿನ್ನೆ ಮೇಜು ಒರೆಸುವಾಗ ಒಂದು ಹಾಳೆ ಕಂಡಿತು. ‘ಆದರ್ಶ ದಂಪತಿ’ ಅಭಿನಂದನಾ ಪತ್ರದ ಕರಡು, ಅವರದೇ ಕೈಬರಹ. ಈ ಸಲವೂ ತಾವೇ ಬರೆದುಕೊಂಡಿದ್ದಾರೆ. ನನ್ನ ಬಗ್ಗೆ ಒಂದು ಸಾಲು ಇದೆ: ‘ಪತಿಯ ಕಣ್ಣೋಟದಿಂದಲೇ ಇಂಗಿತವರಿಯುವ ಸಾಧ್ವಿ.’ ಕಣ್ಣು ಎತ್ತಿ ನೋಡದವನ ಕಣ್ಣೋಟ. ಊಟಕ್ಕೆ ಕೂತಾಗ ‘ಸಾರಿಗೆ ಉಪ್ಪ್ ಕಮ್ಮಿ ಇತ್ತಪ್ಪ’ ಎಂದು ಕಂಬಕ್ಕೆ ದೂರು ಹೇಳಿದರು. ಕಂಬಕ್ಕೆ ಕೆಲಸ ತಪ್ಪಿಲ್ಲ ನೋಡು.

ನಾನು ನಿಶ್ಚಯ ಮಾಡಿದ್ದೇನೆ. ಆ ದಿನ ಮಣೆಯ ಮೇಲೆ ಕೂರುವುದಿಲ್ಲ. ಮೊದಲನೆಯ ತಾಳಿ ಕಟ್ಟುವಾಗ ನನಗೆ ಇಪ್ಪತ್ತೊಂದು, ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎರಡನೆಯದಕ್ಕೆ ಕುತ್ತಿಗೆ ಕೊಡುವವಳು ನಾನೇ ಆಗುತ್ತೇನೆ, ಗೊತ್ತಿದ್ದೂ, ಬುದ್ಧಿ ಇದ್ದೂ. ಅದಾದ ಮೇಲೆ ನನ್ನ ಮುಖವನ್ನು ನಾನು ನೋಡಿಕೊಳ್ಳಲಾರೆ. ಬೇರೆಯವರ ಮನೆಯಲ್ಲಿ ಇನ್ನೂ ಕೆಟ್ಟದ್ದಿದೆ ಎಂದು ನೀನು ಬರೆದದ್ದು ಸರಿಯೇ ಇರಬಹುದು, ಆದರೆ ಅವರ ಮನೆಯ ಕೊಳಕಿನಿಂದ ನನ್ನದು ಸ್ವಚ್ಛವಾಗುವುದಿಲ್ಲ.

ನಿನ್ನ ಅತ್ತೆಯವರಿಗೆ ಮೊದಲೇ ಹೇಳಿಬಿಡು. ಅಷ್ಟು ದೂರದಿಂದ ಸುಳ್ಳು ನೋಡಲು ಬರುವುದು ಬೇಡ.

ಅಮ್ಮ


ನಾಶಿಕ್
೧೩ ಡಿಸೆಂಬರ್ ೨೦೨೪

ಅಮ್ಮ,

ನಿನಗೆ ನಿನ್ನದೊಂದೇ ಕಾಣುತ್ತದೆ. ಸುಳ್ಳು ನೋಡಲು ಬರುವುದು ಬೇಡ ಎಂದು ನಾನು ಅತ್ತೆಯ ಹತ್ತಿರ ಹೇಳಬೇಕಾ? ಹೇಳಿದ ಮೇಲೆ ಈ ಮನೆಯಲ್ಲಿ ನಾನು ಹೇಗೆ ತಲೆ ಎತ್ತಿ ಓಡಾಡಲಿ? ಇವರಿಗೆಲ್ಲ ನಾನು ಏನೆಂದು ಹೇಳಿಕೊಂಡು ಬಂದಿದ್ದೇನೆ ಗೊತ್ತಾ? ನಮ್ಮ ಅಪ್ಪ ಅಮ್ಮ ಇವತ್ತಿಗೂ ಒಂದೇ ಬಟ್ಟಲಲ್ಲಿ ತಿನ್ನುತ್ತಾರೆ ಎಂದು. ನಗು ಬೇಕಾದರೆ. ಹಾಗೆ ಹೇಳಿದ್ದರಿಂದಲೇ ನನಗೆ ಇಲ್ಲಿ ಒಂದು ಬೆಲೆ.

ಅಣ್ಣ ಹಾಲ್ ಬುಕಿಂಗಿಗೆ, ಅಡಿಗೆಯವರಿಗೆ ಎಲ್ಲ ಮಾತಾಡಿ ಆಗಿದೆ. ಅಪ್ಪಯ್ಯ ಕಾರ್ಡ್ ಹಂಚಿ ಆಗಿದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಗುರುತಿನವರು ಬರುತ್ತಾರೆ. ಅವರೆದುರು ಅಪ್ಪಯ್ಯ ಒಬ್ಬರೇ ಕೂರಬೇಕಾ? ಒಂದು ದಿನ, ಅಮ್ಮ. ಒಂದೇ ಒಂದು ದಿನ ನಟಿಸಿದರೆ ನಿನ್ನದೇನು ಹೋಗುತ್ತದೆ? ನಾನು ದಿನಾ ಮಾಡುವುದಿಲ್ಲವಾ?

ಹಠ ಮಾಡಬೇಡ. ಸೀರೆಯನ್ನು ಡ್ರೈಕ್ಲೀನಿಂಗಿಗೆ ಕೊಡು.

ದೀಕ್ಷಿತಾ


ಸಾಲಿಗ್ರಾಮ
೧೯ ಡಿಸೆಂಬರ್ ೨೦೨೪

ಮಗಾ,

‘ನಾನು ದಿನಾ ಮಾಡುವುದಿಲ್ಲವಾ’ ಎಂದು ಬರೆದಿದ್ದೀ. ಏನನ್ನು ದಿನಾ ಮಾಡುತ್ತೀ?

ಷಷ್ಟ್ಯಬ್ದಿ ಸಾಯಲಿ. ಇದಕ್ಕೆ ಉತ್ತರ ಬರೆ.

ಅಮ್ಮ


ನಾಶಿಕ್
೧೦ ಜನವರಿ ೨೦೨೫

ಅಮ್ಮ,

ಮೂರು ಸಲ ಬರೆದು ಹರಿದೆ. ಫೋನಿನಲ್ಲಿ ನೀನು ಏನೂ ಕೇಳಲಿಲ್ಲ, ಅಪ್ಪಯ್ಯ ಪಕ್ಕದಲ್ಲಿದ್ದರು ಎಂದು ಗೊತ್ತಾಯಿತು. ನೀನು ಕೇಳದೆ ಇದ್ದದ್ದೇ ನನಗೆ ಕಷ್ಟವಾಯಿತು.

ವಿಶಾಲ್ ಹೋಟೆಲಿನ ಮೇಲಿನ ರೂಮಿನಲ್ಲಿ ಮಲಗುತ್ತಾರೆ. ಕಳೆದ ಬೇಸಿಗೆಯಿಂದ. ಜಗಳ ಆಗಿಲ್ಲ. ಬೇರೆ ಯಾರೂ ಇಲ್ಲ, ನನಗೆ ತಿಳಿದ ಮಟ್ಟಿಗೆ. ಮಾತು ಕಮ್ಮಿಯಾಗುತ್ತಾ ಬಂತು, ಆಮೇಲೆ ಇಲ್ಲ. ಬೇಕಾದದ್ದನ್ನು ಮನೆಯವರ ಗ್ರೂಪಿನಲ್ಲಿ ಮೆಸೇಜ್ ಹಾಕುತ್ತಾರೆ, ಎಲ್ಲರಿಗೂ ಹೇಳಿದ ಹಾಗೆ. ನಾನೂ ಅಲ್ಲೇ ಉತ್ತರ ಹಾಕುತ್ತೇನೆ. ಹಬ್ಬ, ಹುಟ್ಟುಹಬ್ಬ ಬಂದರೆ ಇಬ್ಬರೂ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಹೆಗಲ ಮೇಲೆ ಕೈ ಹಾಕುತ್ತಾರೆ. ಫೋಟೋ ಆದ ಮೇಲೆ ತೆಗೆಯುತ್ತಾರೆ.

ವಾರ್ಷಿಕೋತ್ಸವದ ಫೋಟೋದ ಕೆಳಗೆ ಅವರು ನನ್ನ ಬಗ್ಗೆ ಬರೆದದ್ದನ್ನು ಓದಿಸಿಕೋ ಎಂದು ನಿನಗೆ ಹೇಳಿದ್ದೆನಲ್ಲ. ‘ನನ್ನ ಬಾಳಿನ ಬೆಳಕು’ ಎಂದು. ಅದನ್ನು ಬರೆದದ್ದು ನಾನು. ಅವರು ಸ್ನಾನಕ್ಕೆ ಹೋದಾಗ ಅವರ ಫೋನಿನಲ್ಲಿ ನಾನೇ ಟೈಪ್ ಮಾಡಿ ಹಾಕಿದೆ. ಅವರಿಗೆ ಗೊತ್ತಾಯಿತು, ಅಳಿಸಲಿಲ್ಲ. ಜನ ಮೆಚ್ಚಿಕೊಂಡರು, ನಾನೂ ಮತ್ತೆ ಮತ್ತೆ ಓದಿದೆ. ಓದುತ್ತಾ ಓದುತ್ತಾ ಅವರೇ ಬರೆದದ್ದು ಎಂದು ಅನಿಸಲು ಶುರುವಾಗಿತ್ತು. ನಿನ್ನ ಕಾಗದದಲ್ಲಿ ಅಪ್ಪಯ್ಯನ ಕರಡಿನ ವಿಷಯ ಓದಿದಾಗ ನನಗೂ ನಿನ್ನ ಹಾಗೇ ಬಚ್ಚಲಿಗೆ ಓಡಬೇಕಾಯಿತು.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೋ, ಪರವಾಗಿಲ್ಲ. ನೆಂಟರು ಬಂದಾಗ ನೀನು ಕೈ ಒರೆಸಿಕೊಂಡು ಬಂದು ಅಪ್ಪಯ್ಯನ ಪಕ್ಕ ನಿಂತು ನಗುತ್ತಿದ್ದೆ. ಅವರು ಹೋದ ಮೇಲೆ ಅಡಿಗೆಮನೆಗೆ ಹೋಗುತ್ತಿದ್ದೆ. ಸಂಸಾರ ಮಾಡುವುದು ಎಂದರೆ ಹಾಗೆ ಎಂದು ನಾನು ಕಲಿತದ್ದು ನಿನ್ನಿಂದ.

ನಾನು ಷಷ್ಟ್ಯಬ್ದಿಗೆ ಬರುವುದಿಲ್ಲ. ಜ್ವರ ಎಂದು ಹೇಳಿದ್ದೇನೆ, ಅತ್ತೆಯವರೂ ಟಿಕೆಟ್ ಕ್ಯಾನ್ಸಲ್ ಮಾಡಿದರು. ನೀನು ಕೂರಬೇಕೋ ಬೇಡವೋ ನನಗೆ ಗೊತ್ತಿಲ್ಲ. ಈ ವಿಷಯ ಯಾರಿಗೂ ಹೇಳಬೇಡ.

ದೀಕ್ಷಿತಾ


ಸಾಲಿಗ್ರಾಮ
೨೭ ಜನವರಿ ೨೦೨೫

ಮಗಾ,

ನೀನು ಬರೆದದ್ದು ಸರಿ. ಬೇಜಾರಾಯಿತು, ಆದರೂ ಸರಿ. ನಾನು ಹಾಗೆ ನಿಂತದ್ದು ನಿಮಗೋಸ್ಕರ ಎಂದುಕೊಂಡಿದ್ದೆ. ನಿಮಗೆ ಸಿಕ್ಕಿದ್ದು ಇದು. ಅದರ ಮೇಲೆ ಒಂದು ಸಮಜಾಯಿಷಿ ಬರೆದರೆ ನನಗೇ ಅಸಹ್ಯವಾಗುತ್ತದೆ, ಬರೆಯುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಷಷ್ಟ್ಯಬ್ದಿಯ ಹಿಂದಿನ ದಿನ ಸಂಜೆ ಅವರು ಮನೆಯ ಹಾಲಿನಲ್ಲಿ ತಮ್ಮ ಕೃತಜ್ಞತಾ ಭಾಷಣ ಅಭ್ಯಾಸ ಮಾಡುತ್ತಿದ್ದರು. ಹೋಗಿ ಅವರಿಗೂ ಕಂಬಕ್ಕೂ ನಡುವೆ ನಿಂತೆ. ‘ನಾಳೆ ನಾನ್ ಮಣಿ ಮೇಲ್ ಕೂಕಂತಿಲ್ಲೆ’ ಎಂದೆ. ಅವರು ನನ್ನ ತಲೆಯ ಮೇಲಿಂದ ಕಂಬವನ್ನು ನೋಡಿ, ಕಾರ್ಡ್ ಹಂಚಿ ಆಗಿದೆ ಎಂದರು. ಸುಜಯ ಬಂದು ಕಾಲು ಹಿಡಿದ. ಬಿಸ್ನೆಸ್ ಹಾಳಾಗುತ್ತದೆ ಎಂದು ಅತ್ತ. ಅವನನ್ನು ನೋಡಿ ಪಾಪ ಅನಿಸಿತು, ಮನಸ್ಸು ಬದಲಾಗಲಿಲ್ಲ.

ಬೆಳಿಗ್ಗೆ ನಾನು ಮನೆಯಲ್ಲಿ ಉಡುವ ಕಾಟನ್ ಸೀರೆ ಉಟ್ಟು ಎಲ್ಲರ ಹಾಗೆ ಕಾರ್ಯಕ್ರಮದ ಹಾಲಿಗೆ ಹೋಗಿ ಮೂರನೆಯ ಸಾಲಿನ ಕುರ್ಚಿಯಲ್ಲಿ ಕೂತೆ. ಬಾಗಿಲಲ್ಲಿ ಫ್ಲೆಕ್ಸ್, ಅದರಲ್ಲಿ ದೋಣಿಯಲ್ಲಿ ಕೂತ ನಾವಿಬ್ಬರು. ಭಟ್ಟರು ಪಾಪ ಗಾಬರಿಯಾದರು. ಹೆಂಡತಿಯ ಜಾಗದಲ್ಲಿ ದರ್ಭೆ ಇಟ್ಟು ಶಾಂತಿ ಮಾಡಬಹುದು ಎಂದು ದಾರಿ ತೋರಿಸಿದರು. ಮಣೆಯ ಮೇಲೆ ದರ್ಭೆ ಕೂತಿತು. ಇಷ್ಟು ವರ್ಷ ನಾನು ಈ ಮನೆಯಲ್ಲಿ ಮಾಡಿದ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು.

ಅಲ್ಲಿಗೆ ಬಿಟ್ಟಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಹೋಮ ಮುಗಿಸಿ ಅವರು ಮೈಕ್ ಹಿಡಿದರು. ನನ್ನ ಧರ್ಮಪತ್ನಿಗೆ ಸೊಂಟನೋವು, ಹಾಸಿಗೆ ಹಿಡಿದಿದ್ದಾಳೆ, ಅವಳ ಮನಸ್ಸೆಲ್ಲ ಇಲ್ಲೇ ಇದೆ ಎಂದರು. ಸ್ವರ ನಡುಗಿಸಿದರು. ಹಂಗಾರಕಟ್ಟೆಯಲ್ಲಿ ನಿಲ್ಲಿಸಿದಷ್ಟೇ ಹೊತ್ತು ನಿಲ್ಲಿಸಿದರು. ನನ್ನ ಪಕ್ಕದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎದ್ದು ನಿಂತೆ. ‘ನಾನ್ ಇಲ್ಲೇ ಇದ್ದೆ, ಸಮಾ ಇದ್ದೆ. ನಮ್ಮೊಳ್ಗ್ ಮಾತಿಲ್ಲೆ. ಹಾಂಗಾಯಿ ಕೂಕಣ್ಲಿಲ್ಲ’ ಎಂದೆ. ಅಷ್ಟೇ ಹೇಳಿದ್ದು.

ಆಮೇಲೆ ಯಾರೋ ಎಲೆ ಹಾಕಿದ್ದಾರೆ, ಊಟಕ್ಕೆ ಏಳಿ ಎಂದರು, ಎಲ್ಲರೂ ಬದುಕಿದೆವು ಎಂಬಂತೆ ಎದ್ದರು. ನಾನೂ ಊಟ ಮಾಡಿದೆ. ಆದರ್ಶ ದಂಪತಿಯ ಫಲಕವನ್ನು ಅದರ ಡಬ್ಬದ ಸಮೇತ ಯಾರೋ ಮೆಲ್ಲಗೆ ಹಿಂದೆ ಸಾಗಿಸಿದರು.

ಮನೆಗೆ ಬಂದ ಮೇಲೆ ಅವರು ಅಂಗಿಯನ್ನೂ ಬಿಚ್ಚದೆ ನನ್ನ ಎದುರು ಬಂದು ನಿಂತರು. ಮುಖ ಕೆಂಪಾಗಿತ್ತು. ‘ನಿಂಗೆ ನಾಚ್ಕಿ ಇಲ್ಯಾ? ಊರ್ ಎದ್ರ್ ನನ್ ಮರ್ಯಾದಿ ತೆಗ್ದ್ಯಲ್ಲ’ ಎಂದರು.

‘ನಂಗೆ ಹೇಳೂದಾ, ಕಂಬಕ್ಕಾ?’ ಎಂದು ಕೇಳಿದೆ.

‘ನಿಂಗೇ’ ಎಂದರು.

ಕತ್ತಲಾಗುವವರೆಗೆ ಜಗಳ ಆಡಿದೆವು. ಅವರು ಹೇಳಬಾರದ್ದೆಲ್ಲ ಹೇಳಿದರು, ನಾನೂ ಬಿಡಲಿಲ್ಲ. ಅಭಿನಂದನಾ ಪತ್ರದ ದಿನ ಅವರಿಗೆ ಎಷ್ಟು ನೋವಾಗಿತ್ತು ಎಂದೂ ಹೇಳಿದರು, ಕೇಳಿಸಿಕೊಂಡೆ. ಇದನ್ನು ನೀನು ಪ್ರೀತಿ ಎಂದು ತಿಳಿಯಬೇಡ. ನನ್ನ ಹೇಸಿಗೆ ಹೋಗಿಲ್ಲ. ನಾನು ಈಗ ಮೇಲಿನ ರೂಮಿಗೆ ಹೋಗಿದ್ದೇನೆ, ಅಡಿಗೆ ಒಟ್ಟಿಗೆ, ಉಳಿದದ್ದು ಬೇರೆ. ಆದರೆ ಕ್ಯಾಮೆರಾ ಇಲ್ಲದೆ ನನ್ನ ಮುಖ ನೋಡಿ ಆಡಿದ ಮಾತು ಅದು. ಬೈಗುಳವೇ ಆಗಲಿ, ನನ್ನದು.

ಇದಕ್ಕಿಂತ ಅಸಹ್ಯ ಬಾಕಿ ಇತ್ತು. ನಾನು ಎದ್ದು ನಿಂತದ್ದನ್ನು ಯಾರೋ ವಿಡಿಯೊ ಮಾಡಿ ಹಂಚಿದ್ದಾರೆ. ಮೊನ್ನೆ ಕುಂದಾಪುರದಿಂದ ಒಬ್ಬ ಹೆಂಗಸು ಸುಜಯನ ಫೋನಿಗೆ ಕರೆ ಮಾಡಿ ನನ್ನನ್ನು ಕೇಳಿದರು. ಅವರ ಸಂಘದಿಂದ ನನಗೆ ‘ದಿಟ್ಟ ಮಹಿಳೆ’ ಸನ್ಮಾನ ಮಾಡುತ್ತಾರಂತೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಒಂದು ಪಾಸ್‌ಪೋರ್ಟ್ ಫೋಟೋ ಮತ್ತು ನನ್ನ ಬಗ್ಗೆ ಹತ್ತು ಸಾಲು ಬರೆದು ಕಳಿಸಬೇಕಂತೆ. ನಾನೇ ಬರೆದು.

ನಿನಗೆ ಸುಳ್ಳು ಹೇಳುವುದಿಲ್ಲ. ಅವರು ಹೇಳುತ್ತಿರುವಾಗ ನಾನು ಯಾವ ಸೀರೆ ಉಡಲಿ ಎಂದು ಯೋಚಿಸಿದೆ. ಬೇಡ ಎಂದು ಫೋನ್ ಇಟ್ಟ ಮೇಲೂ ನನ್ನ ಮೈಯಲ್ಲಿ ಆ ಖುಷಿ ಸ್ವಲ್ಪ ಹೊತ್ತು ಇತ್ತು, ಹಲ್ಲಿಯ ಬಾಲ ಕಡಿದು ಬಿದ್ದ ಮೇಲೂ ಆಡುತ್ತದಲ್ಲ, ಹಾಗೆ. ಈ ರೋಗ ನಿನ್ನ ಅಪ್ಪಯ್ಯನೊಬ್ಬರದ್ದೇ ಎಂದು ನಾನು ಸುಮ್ಮನೆ ತಿಳಿದಿದ್ದೆ.

ನಿನ್ನ ವಿಷಯ ಯಾರಿಗೂ ಹೇಳಿಲ್ಲ. ವಿಶಾಲ್ ಜೊತೆ ಇರು, ಬಿಟ್ಟು ಬಾ, ಎರಡನ್ನೂ ನಾನು ಹೇಳುವುದಿಲ್ಲ. ನನಗೋಸ್ಕರ ಯಾವುದನ್ನೂ ಮಾಡಬೇಡ.

ಅಮ್ಮ


ನಾಶಿಕ್
೧೧ ಫೆಬ್ರವರಿ ೨೦೨೫

ಅಮ್ಮ,

ನಿನ್ನ ವಿಡಿಯೊ ಇಲ್ಲಿಗೂ ಬಂತು. ಅತ್ತೆ ನೋಡಿದರು, ಟಿವಿಯ ಶಬ್ದ ಜಾಸ್ತಿ ಮಾಡಿದರು. ನಾನು ಅದರ ಕೆಳಗೆ ‘ನನ್ನ ಅಮ್ಮ, ನನ್ನ ಹೆಮ್ಮೆ’ ಎಂದು ಟೈಪ್ ಮಾಡಿದೆ. ಎಷ್ಟು ಜನ ಮೆಚ್ಚಬಹುದು ಎಂದು ಲೆಕ್ಕವೂ ಹಾಕಿದೆ. ಆಮೇಲೆ ಅಳಿಸಿದೆ.

ಭಾನುವಾರ ವಿಶಾಲ್ ಹುಟ್ಟುಹಬ್ಬ. ಹೋಟೆಲಿನಲ್ಲೇ ಮನೆಯವರೆಲ್ಲ ಸೇರಿದ್ದರು. ಕೇಕ್ ಕತ್ತರಿಸಿದ ಮೇಲೆ ಫೋಟೋಗೆ ಎಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ನಾನು ಆ ಕೈ ತೆಗೆದು ಕೆಳಗೆ ಬಿಟ್ಟೆ. ಎಲ್ಲರೂ ನೋಡಿದರು. ‘ಎಂತ ಆಯ್ತ್?’ ಎಂದು ವಿಶಾಲ್ ಕೇಳಿದರು. ಅವರು ನನ್ನ ಹತ್ತಿರ ಏನನ್ನಾದರೂ ಕೇಳಿ ಎಷ್ಟೋ ತಿಂಗಳಾಗಿತ್ತು.

ಇಬ್ಬರೂ ಮೇಲಿನ ರೂಮಿಗೆ ಹೋದೆವು, ಕೂತು ಹೇಳಿದೆ. ಅವರ ಹೆಸರಿನಲ್ಲಿ ನಾನು ಬರೆದದ್ದರಿಂದ ಹಿಡಿದು ಎಲ್ಲ. ಅವರು ಸಿಟ್ಟು ಮಾಡಲಿಲ್ಲ. ‘ನಂಗೂ ಸಾಕಾಯ್ತ್, ದೀಕ್ಷಿತಾ’ ಎಂದರು. ಯಾವುದು ಸಾಕಾಯಿತು, ನಾನೋ, ನಾಟಕವೋ, ಅವರಿಗೂ ಗೊತ್ತಿಲ್ಲ. ಇಬ್ಬರೂ ಏನೂ ತೀರ್ಮಾನ ಮಾಡಿಲ್ಲ. ಆಮೇಲೆ ಅವರೇ ಕೆಳಗೆ ಹೋಗಿ, ಫೋಟೋ ಬೇಡ, ಎಲ್ಲರೂ ಊಟ ಮಾಡಿ ಎಂದು ಹೇಳಿದರು.

ಮುಂದಿನ ವಾರ ರೈಲು ಹತ್ತುತ್ತೇನೆ. ಶುಕ್ರವಾರ ಕುಂದಾಪುರದಲ್ಲಿ ಇಳಿಯುತ್ತೇನೆ. ಎಷ್ಟು ದಿನಕ್ಕೆ ಎಂದು ಗೊತ್ತಿಲ್ಲ. ಅಣ್ಣನಿಗೆ ಹೇಳಬೇಡ, ಹಬ್ಬಕ್ಕೆ ಬಂದಿದ್ದಾಳೆ ಎಂದು ಊರವರಿಗೆ ಹೇಳು ಎಂದು ಬರೆಯಲು ಹೊರಟಿದ್ದೆ. ಬೇಡ. ಯಾರು ಕೇಳಿದರೂ ಇದ್ದದ್ದನ್ನೇ ಹೇಳು.

ನಾನು ಚೆನ್ನಾಗಿಲ್ಲ ಅಮ್ಮ. ಇಷ್ಟು ಬರೆದ ಮೇಲೆ ಹಸಿವಾಗುತ್ತಿದೆ.

ದೀಕ್ಷಿತಾ